ನೋಡಿ ಬಾ, ಮಾಡಿ ನೋಡು, ಮಾಡಿಬಿಡು

ಕಳೆದ ಒಂದು ವರ್ಷದಿಂದ ನನ್ನ ಕೆಲಸದ ಹೊತ್ತಿನಲ್ಲಿ ಅರ್ಧದಷ್ಟು ಕೋಡ್ ಬರೆಯುವುದಕ್ಕೆ ಹೋಗುತ್ತಿಲ್ಲ, ವಾಕ್ಯ ಬರೆಯುವುದಕ್ಕೆ ಹೋಗುತ್ತಿದೆ. ಎಂಥ ವಾಕ್ಯ ಅಂತೀರಾ? ಎರಡು ಸಾಲು, ಹೆಚ್ಚೆಂದರೆ ನಾಲ್ಕು ಸಾಲು. ಕಥೆ ಇಲ್ಲ, ಅಲಂಕಾರ ಇಲ್ಲ. ‘ಇದು ಹೊಸ ಪುಟವನ್ನು ತೆರೆಯುತ್ತದೆ’, ‘ಇದು ಬಟನ್ ಒತ್ತುತ್ತದೆ, ಒತ್ತಿದ ಮೇಲೆ ಪುಟ ಬದಲಾಗಬಹುದು’ – ಇಂಥವು. ಬರೆಯುವುದು ಇಂಗ್ಲಿಷಿನಲ್ಲಿ; ಇಲ್ಲಿ ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಎಂಜಿನಿಯರಿಂಗ್ ಓದುವಾಗ ಇದೂ ಒಂದು ಕೆಲಸ ಆಗಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ.

ಈ ವಾಕ್ಯಗಳನ್ನು ಓದುವುದು ಮನುಷ್ಯರಲ್ಲ, ಎಐ ಏಜೆಂಟ್. ಈ ಪದ ಈಗ ಎಲ್ಲ ಕಡೆ ಕಿವಿಗೆ ಬೀಳುತ್ತಿದೆಯಲ್ಲ, ಅದೇ. ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವುದು ಚಾಟ್‌ಬಾಟ್. ‘ಶುಕ್ರವಾರ ರಾತ್ರಿ ಶಿವಮೊಗ್ಗಕ್ಕೆ ಕಿಟಕಿ ಪಕ್ಕದ ಸೀಟು ಯಾವ ಬಸ್ಸಿನಲ್ಲಿದೆ ನೋಡು’ ಅಂದರೆ ತಾನೇ ವೆಬ್‌ಸೈಟ್ ತೆರೆದು, ಊರಿನ ಹೆಸರು ಟೈಪ್ ಮಾಡಿ, ದಿನಾಂಕ ಆರಿಸಿ, ಪಟ್ಟಿ ಓದಿ ಬಂದು ಹೇಳುವುದು ಏಜೆಂಟ್. ಅದರ ತಲೆ ಅನ್ನಬಹುದಾದ ಭಾಷಾ ಮಾದರಿಗೆ ಲೋಕದ ವಿಷಯವೆಲ್ಲ ಗೊತ್ತು, ಆದರೆ ಕೈ ಇಲ್ಲ. ಕೈ ಜೋಡಿಸುವುದು ನಮ್ಮ ಕೆಲಸ. ಪುಟ ತೆರೆಯುವುದಕ್ಕೆ ಒಂದು ಟೂಲ್, ಕ್ಲಿಕ್ ಮಾಡುವುದಕ್ಕೆ ಒಂದು, ಟೈಪ್ ಮಾಡುವುದಕ್ಕೆ ಒಂದು, ಪುಟದಲ್ಲಿ ಏನಿದೆ ಅಂತ ಓದುವುದಕ್ಕೆ ಇನ್ನೊಂದು. ಹೀಗೆ ಇಪ್ಪತ್ತೋ ಇಪ್ಪತ್ತೈದೋ ಟೂಲ್‌ಗಳು.

ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಏನೇನು ಮಾಹಿತಿ ಕೊಡಬೇಕು ಅನ್ನುವ ಒಂದು ಪಟ್ಟಿ ಇರುತ್ತದೆ. ಒಳಗಿನ ಕೋಡ್ ಏಜೆಂಟ್‌ಗೆ ಕಾಣುವುದಿಲ್ಲ. ಬೇರೆಯವರ ಮನೆಗೆ ಅಡುಗೆಗೆ ಬಂದವರನ್ನು ನೆನಪಿಸಿಕೊಳ್ಳಿ. ಅಡುಗೆಯಲ್ಲಿ ಪಳಗಿದ ಕೈ, ಆದರೆ ಈ ಅಡುಗೆಮನೆ ಹೊಸದು. ಸಾಲಾಗಿ ಒಂದೇ ಥರದ ಸ್ಟೀಲ್ ಡಬ್ಬಿಗಳು. ಮುಚ್ಚಳ ತೆಗೆದು ಮೂಸಿ ನೋಡುವ ಹಾಗಿಲ್ಲ, ಮೇಲಿನ ಚೀಟಿ ಓದಿಯೇ ಹಾಕಬೇಕು. ಐದು ಡಬ್ಬಿಯ ಮೇಲೂ ಬರೀ ‘ಪುಡಿ’ ಅಂತ ಬರೆದಿದ್ದರೆ? ಸಾರಿಗೆ ಸೀಗೆಪುಡಿ ಬಿದ್ದರೆ ಅಡುಗೆಯವರನ್ನು ಬೈದು ಪ್ರಯೋಜನವಿಲ್ಲ. ಆ ಚೀಟಿ ಬರೆಯುವುದೇ ಈಗ ನನ್ನ ಉದ್ಯೋಗ.

ಬ್ರೌಸರನ್ನು ಯಂತ್ರದ ಕೈಯಲ್ಲಿ ಓಡಿಸುವುದೇನೂ ಹೊಸದಲ್ಲ. 2004ರಲ್ಲಿ ಷಿಕಾಗೊದಲ್ಲಿ ಜೇಸನ್ ಹಗಿನ್ಸ್ ಅನ್ನುವವರು ಸೆಲೆನಿಯಂ ಶುರು ಮಾಡಿದರು. ವೆಬ್‌ಸೈಟ್ ಸರಿಯಾಗಿದೆಯೇ ಅಂತ ದಿನಾ ನೂರು ಸಲ ಕ್ಲಿಕ್ ಮಾಡಿ ನೋಡುವ ಬೇಸರದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಉದ್ದೇಶ. 2017ರಲ್ಲಿ ಗೂಗಲ್‌ನಿಂದ ಪಪೆಟಿಯರ್ ಬಂತು, 2020ರಲ್ಲಿ ಮೈಕ್ರೋಸಾಫ್ಟ್‌ನಿಂದ ಪ್ಲೇರೈಟ್. ಹೆಸರುಗಳನ್ನು ಗಮನಿಸಿ: ಮೊದಲನೆಯದು ಗೊಂಬೆಯಾಡಿಸುವವನು, ಎರಡನೆಯದು ನಾಟಕಕಾರ. ಎರಡರಲ್ಲೂ ಬ್ರೌಸರ್ ಬರೀ ಗೊಂಬೆ. ಯಾವ ದಾರ ಯಾವಾಗ ಎಳೆಯಬೇಕು ಅನ್ನುವುದನ್ನು ನನ್ನಂಥ ಒಬ್ಬ ಎಂಜಿನಿಯರ್ ಮೊದಲೇ ಬರೆದಿಟ್ಟಿರುತ್ತಿದ್ದರು. ಆಗಲೂ ಟೂಲ್‌ಗಳಿಗೆ ವಿವರಣೆ ಇತ್ತು, ಆದರೆ ಅರ್ಧಂಬರ್ಧ ಇದ್ದರೂ ನಡೆಯುತ್ತಿತ್ತು. ಓದುವವರು ಎಂಜಿನಿಯರು, ಅರ್ಥವಾಗದಿದ್ದರೆ ಪಕ್ಕದ ಸೀಟಿನವರನ್ನು ಕೇಳುತ್ತಿದ್ದರು, ಇಲ್ಲವೇ ಒಂದು ಸಲ ಓಡಿಸಿ ನೋಡುತ್ತಿದ್ದರು.

ಲೆಕ್ಕ ಬದಲಾಗಿದ್ದು ಈಚೆಗೆ. 2024ರ ನವೆಂಬರ್‌ನಲ್ಲಿ ಆಂತ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಅನ್ನುವ ಒಂದು ಮುಕ್ತ ಒಪ್ಪಂದವನ್ನು ಹೊರತಂದಿತು. ನಾವೆಲ್ಲ ಎಂಸಿಪಿ ಅನ್ನುತ್ತೇವೆ. ಯಾರು ಬೇಕಾದರೂ ಟೂಲ್ ತಯಾರಿಸಿ ಯಾವ ಏಜೆಂಟ್‌ಗೆ ಬೇಕಾದರೂ ಜೋಡಿಸುವುದಕ್ಕೆ ಒಂದೇ ಅಳತೆಯ ಪ್ಲಗ್ಗು ಇದ್ದ ಹಾಗೆ. ಮುಂದಿನ ವರ್ಷ ಪ್ಲೇರೈಟ್‌ಗೂ ಅಂಥ ಪ್ಲಗ್ಗು ಬಂತು. ಈಗ ಯಾವ ದಾರ ಎಳೆಯಬೇಕು ಅಂತ ಆರಿಸುವುದು ಗೊಂಬೆಯೇ, ಅದೂ ಚೀಟಿ ಓದಿಕೊಂಡು.

ಒಂದು ಉದಾಹರಣೆ ಕೊಡುತ್ತೇನೆ. ಪುಟದಲ್ಲಿ ಏನಿದೆ ಅಂತ ತಿಳಿಯಲು ಏಜೆಂಟ್‌ಗೆ ಎರಡು ದಾರಿ. ಒಂದು ಸ್ಕ್ರೀನ್‌ಶಾಟ್, ಅಂದ್ರೆ ಫೋಟೊ. ಇನ್ನೊಂದು ಸ್ನ್ಯಾಪ್‌ಶಾಟ್ – ಅದರಲ್ಲಿ ಚಿತ್ರವೇ ಇರುವುದಿಲ್ಲ. ‘ಇಲ್ಲಿ ಒಂದು ಶೀರ್ಷಿಕೆ, ಅದರ ಕೆಳಗೆ ಊರಿನ ಹೆಸರು ಬರೆಯುವ ಜಾಗ, ಪಕ್ಕದಲ್ಲಿ ಹುಡುಕು ಅನ್ನುವ ಬಟನ್’ ಅಂತ ಪುಟದ ಅಂಗಾಂಗಗಳನ್ನು ಪದಗಳಲ್ಲಿ ಹೇಳುವ ಪಟ್ಟಿ, ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ. ನಮ್ಮ ತಂಡದ ಕೈಗೆ ಬಂದ ಹಳೆಯ ಟೂಲ್‌ಗಳಲ್ಲಿ ಎರಡರ ವಿವರಣೆಯೂ ಹೆಚ್ಚುಕಡಿಮೆ ಒಂದೇ: ‘ಪ್ರಸ್ತುತ ಪುಟವನ್ನು ಸೆರೆಹಿಡಿಯುತ್ತದೆ’. ಏಜೆಂಟ್ ಮತ್ತೆ ಮತ್ತೆ ಫೋಟೊ ತೆಗೆಯುತ್ತಿತ್ತು. ಫೋಟೊದಲ್ಲಿ ಗುರುತಿನ ಸಂಖ್ಯೆ ಎಲ್ಲಿರುತ್ತದೆ? ಅದಿಲ್ಲದೆ ಕ್ಲಿಕ್ ಮಾಡುವ ಟೂಲ್ ಕೆಲಸ ಮಾಡುವುದಿಲ್ಲ. ಆಗ ಏಜೆಂಟ್ ತಾನೇ ಒಂದು ಸಂಖ್ಯೆ ಕಲ್ಪಿಸಿಕೊಂಡು ಕೊಡುತ್ತಿತ್ತು, ತಪ್ಪು ಅಂತ ಉತ್ತರ ಬಂದರೆ ಇನ್ನೊಂದು ಫೋಟೊ. ಕೋಡಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಪ್ಲೇರೈಟ್‌ನವರು ತಮ್ಮ ಸ್ಕ್ರೀನ್‌ಶಾಟ್ ಟೂಲಿನ ವಿವರಣೆಯಲ್ಲಿ, ಇದನ್ನು ನೋಡಿ ಕ್ರಿಯೆ ನಡೆಸಲಾಗದು, ಕ್ರಿಯೆಗೆ ಸ್ನ್ಯಾಪ್‌ಶಾಟ್ ಬಳಸು ಅನ್ನುವ ಅರ್ಥದ ಒಂದು ವಾಕ್ಯ ಸೇರಿಸಿದ್ದಾರೆ. ನಾವೂ ಅದೇ ದಾರಿ ಹಿಡಿದೆವು. ಫೋಟೊ ಹುಚ್ಚು ಬಿಟ್ಟಿತು. ಒಂದು ಟೂಲ್ ಏನು ಮಾಡುತ್ತದೆ ಅನ್ನುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದರಿಂದ ಏನು ಆಗುವುದಿಲ್ಲ, ಆಗದಿದ್ದರೆ ಯಾರ ಹತ್ತಿರ ಹೋಗಬೇಕು ಅಂತ ಬರೆಯುವುದು ಮುಖ್ಯ. ಸರ್ಕಾರಿ ಕಚೇರಿಯಲ್ಲಿ ಒಂದು ಗಂಟೆ ಸಾಲಿನಲ್ಲಿ ನಿಂತು, ಕೊನೆಗೆ ‘ಇದು ಈ ಕೌಂಟರಲ್ಲ’ ಅನ್ನಿಸಿಕೊಂಡ ಯಾರಿಗಾದರೂ ಇದು ಅರ್ಥವಾಗುತ್ತದೆ.

ಆ ಸ್ನ್ಯಾಪ್‌ಶಾಟ್ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅದು ಏಜೆಂಟ್‌ಗಳಿಗಾಗಿ ಹುಟ್ಟಿದ್ದಲ್ಲ. ಅದರ ಹೆಸರು ಆಕ್ಸೆಸಿಬಿಲಿಟಿ ಟ್ರೀ. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವಾಗ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳಿಗಾಗಿ ಬ್ರೌಸರ್ ಒಳಗೊಳಗೇ ಕಟ್ಟಿಕೊಳ್ಳುವ ಪಟ್ಟಿ ಅದು. ನಮ್ಮ ಕಚೇರಿಯಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾರೆ, ಹುಟ್ಟಿನಿಂದಲೇ ಕಣ್ಣು ಕಾಣದವರು. ಅವರು ಬಳಸುವುದು ಎನ್‌ವಿಡಿಎ. ಇದನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದ ಮೈಕಲ್ ಕರ್ರನ್ ಅವರೂ ಅಂಧರೇ; ಇವತ್ತಿಗೂ ಅದು ಎಲ್ಲರಿಗೂ ಉಚಿತ. ಸಹೋದ್ಯೋಗಿಯ ಲ್ಯಾಪ್‌ಟಾಪ್ ಮಾತಾಡುವ ವೇಗಕ್ಕೆ ನಮಗೆ ಒಂದು ಪದವೂ ಹಿಡಿಯಲು ಸಿಗುವುದಿಲ್ಲ, ಅವರು ಚಹಾ ಕುಡಿಯುತ್ತಲೇ ಕೇಳಿಸಿಕೊಳ್ಳುತ್ತಾರೆ.

ಒಂದು ದಿನ ಏಜೆಂಟ್ ಒಂದು ಪುಟದಲ್ಲಿ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಸ್ನ್ಯಾಪ್‌ಶಾಟ್ ತೆಗೆದು ನೋಡಿದರೆ ‘ಬಟನ್, ಬಟನ್, ಬಟನ್, ಲಿಂಕ್, ಬಟನ್’ – ಯಾವುದಕ್ಕೂ ಹೆಸರಿಲ್ಲ. ಕಣ್ಣಿದ್ದವರಿಗೆ ಅಲ್ಲಿ ಕಸದ ಬುಟ್ಟಿಯ ಚಿತ್ರ, ಪೆನ್ಸಿಲ್ ಚಿತ್ರ, ಹೃದಯದ ಚಿತ್ರ ಕಾಣುತ್ತದೆ. ಪಟ್ಟಿಯಲ್ಲಿ ಏನೂ ಇಲ್ಲ. ನಾವು ಅದನ್ನು ಜೋರಾಗಿ ಓದುತ್ತಿದ್ದಾಗ ಆ ಹಿರಿಯರು ತಮ್ಮ ಸೀಟಿನಿಂದಲೇ ನಕ್ಕರು. ‘ಓ, ನಿಮ್ಮ ಏಜೆಂಟೂ ನನ್ನ ವೆಬ್‌ಸೈಟಿಗೇ ಬಂತಾ?’ ಅಂದರು. ವೆಬ್ ಪುಟಗಳನ್ನು ಎಲ್ಲರೂ ಬಳಸುವಂತೆ ಕಟ್ಟುವುದು ಹೇಗೆ ಅನ್ನುವ ಮೊದಲ ಮಾರ್ಗಸೂಚಿ ಡಬ್ಲ್ಯು3ಸಿ ಸಂಸ್ಥೆಯಿಂದ ಬಂದಿದ್ದು 1999ರಲ್ಲಿ. ಬಟನ್‌ಗೆ ಕಾಣದ ಹೆಸರು ಅಂಟಿಸುವ ಏರಿಯಾ ಅನ್ನುವ ಪದ್ಧತಿ 2014ರಿಂದ ಅಧಿಕೃತ ಶಿಫಾರಸು. ಕಸದ ಬುಟ್ಟಿಯ ಚಿತ್ರಕ್ಕೆ ‘ಅಳಿಸು’ ಅಂತ ಹೆಸರು ಕೊಡಲು ಒಂದು ಸಾಲು ಸಾಕು. ಅವರು ಹಿಂದೆ ಕೆಲಸ ಮಾಡಿದ ಕಡೆಯಲ್ಲೆಲ್ಲ ಆ ಒಂದು ಸಾಲಿಗಾಗಿ ದೂರು ಬರೆದು ಬರೆದು ಸಾಕಾಗಿದ್ದರಂತೆ. ‘ಮುಂದಿನ ತಿಂಗಳು ನೋಡೋಣ’ ಅನ್ನುವುದೇ ಉತ್ತರ. ಈಗ ಏಜೆಂಟ್‌ಗೆ ತೊಡಕಾಗುತ್ತದೆ ಅಂದ ತಕ್ಷಣ ಎರಡು ದಿನದಲ್ಲಿ ಎಲ್ಲ ಬಟನ್‌ಗೂ ಹೆಸರು ಬಂತು. ಅವರಿಗೆ ಖುಷಿಯೇ ಆಯಿತು. ನನಗೆ ಮಾತ್ರ ಇವತ್ತಿಗೂ ಆ ಖುಷಿಯಲ್ಲಿ ಪೂರ್ತಿ ಪಾಲ್ಗೊಳ್ಳಲು ಆಗಿಲ್ಲ.

ಈಗ ಸ್ವಲ್ಪ ಗಂಭೀರವಾದ ಕಥೆ. ಪರೀಕ್ಷೆಗೆಂದೇ ನಮ್ಮಲ್ಲಿ ಒಂದು ನಕಲಿ ಟಿಕೆಟ್ ವೆಬ್‌ಸೈಟ್ ಇದೆ. ಬಸ್ಸಿಲ್ಲ, ಪ್ರಯಾಣಿಕರಿಲ್ಲ, ಹಣವೂ ಆಟದ ಹಣ. ಏಜೆಂಟ್‌ಗೆ ಕೊಟ್ಟ ಕೆಲಸ: ‘ಈ ಟಿಕೆಟ್ ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಹೇಳು’. ಏಜೆಂಟ್ ಹೋಯಿತು, ಒಂದು ನಿಮಿಷದಲ್ಲಿ ಬಂತು, ಮೊತ್ತ ಹೇಳಿತು. ಮೊತ್ತ ಸರಿಯಾಗಿತ್ತು. ಟಿಕೆಟ್ ಮಾತ್ರ ಇರಲಿಲ್ಲ. ಎಷ್ಟು ಬರುತ್ತದೆ ಅಂತ ತಿಳಿಯಲು ಅದು ಟಿಕೆಟ್ಟನ್ನೇ ರದ್ದು ಮಾಡಿತ್ತು!

ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗಿ ನೋಡಿದೆವು. ರದ್ದು ಬಟನ್ ಒತ್ತಿದಾಗ ವೆಬ್‌ಸೈಟ್ ಸುಮ್ಮನಿರಲಿಲ್ಲ, ‘ಖಚಿತವೇ?’ ಅಂತ ಒಂದು ಪೆಟ್ಟಿಗೆ ಎದುರು ತಂದಿತ್ತು. ಅಂಥ ಪೆಟ್ಟಿಗೆಗೆ ಉತ್ತರ ಕೊಡಲು ಏಜೆಂಟ್ ಬಳಿ ಒಂದು ಟೂಲ್ ಇತ್ತು. ಅದರ ವಿವರಣೆ: ‘ಪುಟವನ್ನು ತಡೆಹಿಡಿದಿರುವ ಡೈಲಾಗ್ ಅನ್ನು ತೆರವುಗೊಳಿಸುತ್ತದೆ’. ಓದಿ ನೋಡಿ, ಒಂದು ಸುಳ್ಳಿಲ್ಲ. ತಾಂತ್ರಿಕವಾಗಿ ಡೈಲಾಗ್ ಬಂದಾಗ ಪುಟ ನಿಂತುಬಿಡುತ್ತದೆ, ಉತ್ತರ ಕೊಡುವ ತನಕ ಮುಂದೆ ಹೋಗುವುದಿಲ್ಲ. ಟೂಲ್ ಬರೆದವರಿಗೆ ಅದು ಅಡ್ಡಿ. ಆದರೆ ವೆಬ್‌ಸೈಟ್ ಕಟ್ಟಿದವರಿಗೆ ಅದು ಅಡ್ಡಿಯಲ್ಲ, ಮನುಷ್ಯರಿಗೆ ಕೇಳಿದ ಕೊನೆಯ ಪ್ರಶ್ನೆ. ಚೀಟಿಯಲ್ಲಿ ‘ತೆರವು’ ಅಂತ ಇದ್ದ ಮೇಲೆ ಏಜೆಂಟ್ ತೆರವುಗೊಳಿಸಿತು, ರಸ್ತೆಗೆ ಬಿದ್ದ ಕೊಂಬೆ ಎತ್ತಿ ಪಕ್ಕಕ್ಕಿಟ್ಟ ಹಾಗೆ.

ಈಗ ಅಲ್ಲಿ ಹೀಗಿದೆ: ‘ಡೈಲಾಗ್‌ನಲ್ಲಿರುವ ಪ್ರಶ್ನೆಗೆ ಬಳಕೆದಾರರ ಪರವಾಗಿ ಉತ್ತರ ಕೊಡುತ್ತದೆ. ಪ್ರಶ್ನೆಯನ್ನು ಮೊದಲು ಓದು. ಅದು ಹಣ, ರದ್ದತಿ ಅಥವಾ ಅಳಿಸುವಿಕೆಗೆ ಸಂಬಂಧಿಸಿದ್ದರೆ, ಬಳಕೆದಾರರು ಅದನ್ನೇ ಮಾಡಲು ಹೇಳಿದ್ದಾಗ ಮಾತ್ರ ಒಪ್ಪಿಗೆ ಕೊಡು. ಇಲ್ಲದಿದ್ದರೆ ಬೇಡ ಅಂತ ಉತ್ತರಿಸಿ ಬಳಕೆದಾರರನ್ನು ಕೇಳು.’ ಇದರಲ್ಲಿ ನನಗೆ ತುಂಬ ಹಿಡಿಸಿದ್ದು ‘ಪರವಾಗಿ’ ಅನ್ನುವ ಪದ. ಅದಕ್ಕಾಗಿ ಅರ್ಧ ದಿನ ಚರ್ಚೆ ನಡೆಯಿತು.

ಈ ಟಿಕೆಟ್ ಪ್ರಸಂಗದ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ವಿವರಣೆ ಬರೆಯುವ ಮೊದಲು ಟೂಲನ್ನು ಕನ್ನಡದಲ್ಲಿ ಹೇಳಿಕೊಳ್ಳುವುದು. ಭಾಷಾಭಿಮಾನದ ಮಾತಲ್ಲ ಇದು. ಇಂಗ್ಲಿಷಿನ ‘ಸಬ್ಮಿಟ್’ ಅನ್ನುವ ಪದ ಕಾಲೇಜಿನ ಅಸೈನ್‌ಮೆಂಟಿಗೂ ಅದೇ, ಎರಡು ಲಕ್ಷ ರೂಪಾಯಿ ವರ್ಗಾವಣೆಗೂ ಅದೇ. ನಮ್ಮಲ್ಲಿ ಕ್ರಿಯಾಪದದ ಬಾಲದಲ್ಲೇ ಎಲ್ಲ ಇದೆ. ‘ನೋಡಿ ಬಾ’ ಅಂದರೆ ಹೋಗಿ, ಏನನ್ನೂ ಮುಟ್ಟದೆ ಬರಬೇಕು. ‘ಮಾಡಿ ನೋಡು’ ಅಂದರೆ ಪ್ರಯತ್ನಿಸು, ಸರಿಹೋಗದಿದ್ದರೆ ವಾಪಸ್ ಬರಬಹುದು. ‘ಮಾಡಿಬಿಡು’ ಅಂದರೆ ಮುಗಿಯಿತು. ಕಳಿಸುವುದಕ್ಕೂ ಕಳಿಸಿಬಿಡುವುದಕ್ಕೂ ಎಷ್ಟು ದೂರ ಅಂತ, ತಪ್ಪು ಗ್ರೂಪಿಗೆ ವಾಟ್ಸ್ಆ್ಯಪ್ ಮೆಸೇಜ್ ಹೋದ ಕ್ಷಣದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಇವೆ, ಮೂರು ಹೆಸರಿನಲ್ಲಿ. ಪುಟ ಓದುವುದು, ಫೋಟೊ ತೆಗೆಯುವುದು ಮೊದಲನೆಯದರಲ್ಲಿ. ಖಾಲಿ ಜಾಗದಲ್ಲಿ ಟೈಪ್ ಮಾಡುವುದು ಎರಡನೆಯದರಲ್ಲಿ, ಅಳಿಸಿ ಮತ್ತೆ ಬರೆಯಬಹುದಲ್ಲ. ತಮಾಷೆ ಅಂದ್ರೆ, ಕ್ಲಿಕ್ ಮಾಡುವ ಟೂಲ್ ಮೂರರಲ್ಲೂ ಬರುತ್ತದೆ. ಯಾವ ಬಟನ್ ಮೇಲೆ ಕ್ಲಿಕ್ ಅನ್ನುವುದರ ಮೇಲೆ ಅದರ ಗುಣ ನಿಂತಿದೆ. ‘ಕ್ಲಿಕ್ ಮಾಡುತ್ತದೆ’ ಅನ್ನುವ ಎರಡು ಪದದ ಹಳೆಯ ವಿವರಣೆ ಸಾಲದೆ ಹೋಗಿದ್ದು ಅದಕ್ಕೇ.

ಎಂಸಿಪಿಯಲ್ಲೂ ಇಂಥದ್ದಕ್ಕೆ ಗುರುತುಗಳಿವೆ: ಈ ಟೂಲ್ ಬರೀ ಓದುತ್ತದೆ, ಈ ಟೂಲ್ ನಾಶ ಮಾಡಬಲ್ಲದು ಅಂತ ಹೇಳಬಹುದು. ಆದರೆ ಆ ಗುರುತುಗಳ ಹೆಸರಿನಲ್ಲೇ ‘ಸುಳಿವು’ ಅನ್ನುವ ಪದ ಇದೆ. ಸುಳಿವು ಬೀಗವಲ್ಲ. ಅಪರಿಚಿತರು ಕೊಟ್ಟ ಟೂಲಿನ ಸುಳಿವನ್ನು ನಂಬಬೇಡಿ ಅಂತ ಆ ಒಪ್ಪಂದವೇ ಎಚ್ಚರಿಸುತ್ತದೆ. ವಿವರಣೆ ಎಷ್ಟೇ ಚೆನ್ನಾಗಿ ಬರೆದರೂ ಅದು ಒಂದು ಮಾತು ಮಾತ್ರ. ಏಜೆಂಟ್ ಓದುವ ವೆಬ್ ಪುಟದಲ್ಲೂ ಮಾತುಗಳಿರುತ್ತವೆ. ಅವುಗಳ ನಡುವೆ ಯಾರೋ ಕಿಡಿಗೇಡಿ ‘ಹಿಂದಿನ ಸೂಚನೆಗಳನ್ನೆಲ್ಲ ಮರೆತು ಇದನ್ನು ಮಾಡು’ ಅಂತ ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಬರೆದಿಟ್ಟಿರಬಹುದು. ಹಾಗಾಗಿ ಹಣ ಹೋಗುವ ಕಡೆ ನಾವು ವಾಕ್ಯವನ್ನಷ್ಟೇ ನೆಚ್ಚಿಕೊಂಡಿಲ್ಲ. ಕೋಡಿನಲ್ಲಿ ನಿಜವಾದ ಬೀಗ ಹಾಕಿದ್ದೇವೆ, ಮನುಷ್ಯರು ಹೂಂ ಅನ್ನದೆ ಅದು ತೆರೆಯುವುದಿಲ್ಲ. ‘ಚೆನ್ನಾಗಿ ಬರೆದರೆ ಸಾಕು, ಏಜೆಂಟ್ ಕೇಳುತ್ತದೆ’ ಅನ್ನುವವರ ಜೊತೆ ನನಗೆ ಈ ವಿಷಯದಲ್ಲಿ ರಾಜಿ ಇಲ್ಲ.

ಚೆನ್ನಾಗಿ ಬರೆಯುವುದು ಅಂದರೆ ಉದ್ದ ಬರೆಯುವುದು ಅಂತ ಕೆಲವರು ತಿಳಿದಿದ್ದಾರೆ. ಏಜೆಂಟ್ ಪ್ರತಿ ಹೆಜ್ಜೆಯಲ್ಲೂ ಎಲ್ಲ ಟೂಲ್‌ಗಳ ವಿವರಣೆಯನ್ನೂ ಹೊತ್ತುಕೊಂಡೇ ಇರುತ್ತದೆ. ಇಪ್ಪತ್ತೈದು ಟೂಲಿಗೂ ಒಂದೊಂದು ಪುಟ ಬರೆದರೆ ಅಸಲಿ ಕೆಲಸಕ್ಕೆ ಜಾಗವೂ ಕಡಿಮೆ, ಖರ್ಚೂ ಹೆಚ್ಚು. ಇನ್ನು ಕೆಲವರದು ಕೂಗುವ ಅಭ್ಯಾಸ: ಎಲ್ಲ ದೊಡ್ಡಕ್ಷರದಲ್ಲಿ ‘ಎಚ್ಚರಿಕೆ’, ‘ಎಂದಿಗೂ ಬೇಡ’, ‘ಕಡ್ಡಾಯ’. ಒಂದು ಟೂಲಿಗೆ ಕೂಗಿದರೆ ಸರಿ, ಎಲ್ಲದಕ್ಕೂ ಕೂಗಿದರೆ ಏಜೆಂಟ್ ಪುಕ್ಕಲಾಗುತ್ತದೆ. ನಮ್ಮಲ್ಲಿ ಒಂದು ವಾರ ಅದು ಹವಾಮಾನ ಪುಟದಲ್ಲಿ ‘ಮುಂದಿನ ದಿನ’ ಅನ್ನುವ ಬಟನ್ ಒತ್ತುವುದಕ್ಕೂ ಅನುಮತಿ ಕೇಳುತ್ತಿತ್ತು. ಅಡ್ಜಸ್ಟ್ ಮಾಡಿ ಮಾಡಿ ಈಗ ಒಂದು ಹದಕ್ಕೆ ಬಂದಿದೆ.

ಕನ್ನಡದ ಪುಟಗಳ ವಿಷಯಕ್ಕೆ ಬಂದರೆ ಕಷ್ಟ ಬೇರೆ ಥರದ್ದು. ‘ಸಲ್ಲಿಸಿ’, ‘ಮುಂದುವರಿಯಿರಿ’ ಅಂತ ಯೂನಿಕೋಡಿನಲ್ಲಿ ಬರೆದಿದ್ದರೆ ಏಜೆಂಟ್‌ಗೆ ಆರಾಮಾಗಿ ಅರ್ಥವಾಗುತ್ತದೆ. ಆದರೆ ಹತ್ತು ಲಿಂಕಿಗೂ ‘ಇಲ್ಲಿ ಕ್ಲಿಕ್ ಮಾಡಿ’ ಅಂತಲೇ ಇದ್ದರೆ, ಪಟ್ಟಿಯಲ್ಲಿ ಹತ್ತು ‘ಇಲ್ಲಿ’. ಎಲ್ಲಿ? ಹಳೆಯ ಪುಟಗಳದ್ದು ಇನ್ನೂ ಪಾಡು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ; ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಏಜೆಂಟ್ ಆ ವೇಷದ ಒಳಗಿನದ್ದನ್ನು ಓದುತ್ತದೆ, ಸ್ಕ್ರೀನ್ ರೀಡರ್ ಕೂಡ. ಇಂಥ ಪುಟ ಸಿಕ್ಕರೆ ಮಾತ್ರ ಫೋಟೊ ತೆಗೆದು ಓದು ಅಂತ ಸ್ಕ್ರೀನ್‌ಶಾಟ್ ಟೂಲಿನ ವಿವರಣೆಗೆ ನಾವು ಅರ್ಧ ವಾಕ್ಯ ಸೇರಿಸಿದ್ದೇವೆ. ಏಜೆಂಟ್‌ಗೆ ಹಾಗೊಂದು ದಾರಿ ಸಿಕ್ಕಿತು. ಪಕ್ಕದ ಸೀಟಿನ ಹಿರಿಯರಿಗೆ ಅಂಥ ಕಡತ ಬಂದರೆ ಈಗಲೂ ಯಾರಾದರೂ ಓದಿ ಹೇಳಬೇಕು, ಇಲ್ಲವೇ ಪರಿವರ್ತಕದಲ್ಲಿ ಹಾಕಿ ಬದಲಾಯಿಸಿಕೊಳ್ಳಬೇಕು.

ಅವರು ಈಗ ನಮ್ಮ ವಿವರಣೆಗಳ ಪರಿಶೀಲನೆಗೆ ವಾರಕ್ಕೊಮ್ಮೆ ಕೂರುತ್ತಾರೆ. ನಾವೇ ಕರೆದಿದ್ದು. ಕಳೆದ ವಾರ ಚರ್ಚೆ ನಡೆದದ್ದು ‘ಕ್ಲೋಸ್’ ಅನ್ನುವ ಟೂಲಿನ ಮೇಲೆ. ಮುಚ್ಚುವುದು ಅಂದರೆ ಏನನ್ನು ಮುಚ್ಚುವುದು – ಎದುರು ಬಂದ ಪೆಟ್ಟಿಗೆಯನ್ನೋ, ಒಂದು ಟ್ಯಾಬನ್ನೋ, ಇಡೀ ಬ್ರೌಸರನ್ನೋ? ‘ಪ್ರಸ್ತುತ ಟ್ಯಾಬ್ ಮುಚ್ಚುತ್ತದೆ’ ಅಂತ ತಿದ್ದಿದೆವು, ಎಲ್ಲರೂ ಒಪ್ಪಿದರು. ಅವರು ಕೇಳಿದರು: ‘ಅರ್ಧ ತುಂಬಿದ ಅರ್ಜಿ ಆ ಟ್ಯಾಬಲ್ಲಿದ್ದರೆ?’ ಕೋಣೆಯಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಓಡಿಸಿ ನೋಡಿದೆವು. ಅರ್ಜಿ ಹೋಗಿಬಿಟ್ಟಿತು, ಯಾವ ಎಚ್ಚರಿಕೆಯ ಪೆಟ್ಟಿಗೆಯೂ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಟೂಲನ್ನು ಎರಡನೆಯ ಕಾಲಂನಿಂದ ಮೂರನೆಯದಕ್ಕೆ ಬರೆದುಕೊಂಡೆ. ವಿವರಣೆಗೆ ಇನ್ನೊಂದು ವಾಕ್ಯ ಸೇರಿತು: ‘ಆ ಟ್ಯಾಬಿನಲ್ಲಿ ಉಳಿಸದೆ ಇರುವುದೆಲ್ಲ ಕಳೆದುಹೋಗುತ್ತದೆ, ಮರಳಿ ಸಿಗುವುದಿಲ್ಲ.’